ಗಗನಯಾತ್ರಿಯ ವೇಷ ಮತ್ತು ಏಳನೆಯ ತರಗತಿಯ ವಿಜ್ಞಾನ: ಅಬ್ಬಿಗೇರಿಯ ಬೋಧನಾಭ್ಯಾಸದಿಂದ ಒಂದು ಪಾಠ

ತರಗತಿ: 7. ವಿಷಯ: ವಿಜ್ಞಾನ. ಘಟಕ: ಜೀವಿಗಳಲ್ಲಿ ಉಸಿರಾಟ (ಉಷ್ಣ ಘಟಕದ ಒಂದು ಅಂಶದೊಂದಿಗೆ). ಯೋಜಿಸಿದ ಅವಧಿ: 40 ನಿಮಿಷ. ತೆಗೆದುಕೊಂಡದ್ದು: ಮೂರು ಅವಧಿ.

ಬೋಧನಾಭ್ಯಾಸಕ್ಕೆ ನನ್ನನ್ನು ರೋಣ ತಾಲ್ಲೂಕಿನ ಅಬ್ಬಿಗೇರಿಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಕಳುಹಿಸಿದ್ದರು. ಪ್ರತಿಭಾ ಕಾರಂಜಿಯ ದಿನಗಳು ಹತ್ತಿರ ಬಂದಿದ್ದವು. ಶಾಲೆಯಲ್ಲಿ ಎಲ್ಲಿ ನೋಡಿದರೂ ಛದ್ಮವೇಷದ ಮಾತು. ಒಬ್ಬ ಚೆನ್ನಮ್ಮ, ಒಬ್ಬ ಬಸವಣ್ಣ, ಇಬ್ಬರು ಒನಕೆ ಓಬವ್ವ. ಈ ಉತ್ಸಾಹವನ್ನು ಪಾಠಕ್ಕೆ ಬಳಸಿಕೊಳ್ಳಬಹುದಲ್ಲ ಎಂದು ನನಗೆ ಅನ್ನಿಸಿತು. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮಕ್ಕಳಿಗೆ ಹೇಳಿದೆ: "ಸೋಮವಾರ ಆದವರು ಗಗನಯಾತ್ರಿಯ ವೇಷ ಹಾಕಿಕೊಂಡು ಬನ್ನಿ." ಪಾಠಯೋಜನೆಯಲ್ಲಿ ಇದು ಒಂದೇ ಸಾಲು: ಪ್ರೇರಣೆ, 5 ನಿಮಿಷ.

ಸೋಮವಾರ ನಾಲ್ವರು ವೇಷದಲ್ಲಿ ಬಂದಿದ್ದರು. ಒಬ್ಬನ ಉಡುಪು ಗದಗದಿಂದ ಬಾಡಿಗೆಗೆ ತಂದದ್ದು, ಬೆಳ್ಳಿಯ ಬಣ್ಣದ್ದು, ಮಿರಮಿರ ಮಿಂಚುತ್ತಿತ್ತು. ಇಬ್ಬರು ರಟ್ಟಿಗೆ ಬೆಳ್ಳಿಹಾಳೆ ಅಂಟಿಸಿಕೊಂಡಿದ್ದರು. ನಾಲ್ಕನೆಯವನು ಹೊಸ ಚಾದರದೊಂದಿಗೆ ಬಂದಿದ್ದ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ತಲೆಗೆ ಹಾಕಿಕೊಂಡು, ಅದು ನಿಜವಾದ ಹೆಲ್ಮೆಟ್‌ನಂತೆ ಕಾಣಲೆಂದು ಕುತ್ತಿಗೆಯ ಹತ್ತಿರ ಲಾಡಿಯಿಂದ ಬಿಗಿದುಕೊಂಡಿದ್ದ. ನಾನು ಬಾಡಿಗೆಯ ಉಡುಪಿನವನನ್ನು ಮುಂದೆ ನಿಲ್ಲಿಸಿ ಹೊಗಳುವುದರಲ್ಲಿ ಮಗ್ನಳಾಗಿದ್ದೆ. ಹಿಂದಿನ ಸಾಲಿನ ಚೀಲದೊಳಗೆ ಮಂಜು ಕಟ್ಟುತ್ತಿದ್ದುದು ಕಂಡಿತು. ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದುಕೊಂಡೆನೇ ಹೊರತು ಅದೇನೆಂದು ಹೊಳೆಯಲಿಲ್ಲ. ಪಾಠ ವೀಕ್ಷಿಸಲು ಹಿಂದೆ ಕುಳಿತಿದ್ದ ಮಾರ್ಗದರ್ಶಿ ಶಿಕ್ಷಕರು ಎದ್ದು ಹೋಗಿ, ಒಂದು ಮಾತೂ ಆಡದೆ ಆ ಚೀಲವನ್ನು ಎರಡೂ ಕೈಯಿಂದ ಹರಿದುಹಾಕಿದರು. ಹುಡುಗ ಬೆವತಿದ್ದ, ನಗುತ್ತಿದ್ದ. "ಟೀಚರ್, ಒಳಗ ಮೋಡ ಬಂದಂಗ ಆಗಿತ್ರೀ" ಎಂದ.

ಅಂದಿನ ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ಪದ: "ಪಾಠ ಉಸಿರಾಟದ್ದು."

ಆ ದಿನ ಇನ್ನೊಂದು ವಿಷಯವೂ ನಡೆದಿತ್ತು, ಅದು ನನಗೆ ತಿಳಿದದ್ದು ಹಾಜರಿ ಪುಸ್ತಕದಿಂದ. ಆ ತಿಂಗಳಲ್ಲಿ ಒಂದು ದಿನವೂ ತಪ್ಪಿಸದ ಹುಡುಗಿಯೊಬ್ಬಳು ಬಂದಿರಲಿಲ್ಲ. ಸಂಜೆ ಅವಳ ಓಣಿಯ ಮಗುವಿನ ಜೊತೆ ಮನೆಗೆ ಹೋದೆ. ತಾಯಿ ಹೊಲಿಗೆ ಮಷೀನಿನ ಮುಂದೆ ಇದ್ದರು. ಕಟ್ಟೆಯ ಮೇಲಿದ್ದ ಅಜ್ಜಿ ಹೇಳಿದರು: "ಅಕ್ಕೋರ, ವೇಷಕ್ಕ ರೊಕ್ಕ ಕೊಡ್ರಿ ಅಂತ ಅತ್ತಳ್ರೀ. ಬಾಡಿಗಿ ಬಾಳ ಐತಂತ. ನಾವು ಎಲ್ಲಿಂದ ತರೂಣು?" ನಾನು "ಆದವರು" ಎಂದಿದ್ದೆ. ಆದರೆ ಮಕ್ಕಳಿಗೆ ಆ ಪದ ಕೇಳಿಸುವುದಿಲ್ಲ. ಟೀಚರ್ ವೇಷ ಹಾಕಿಕೊಂಡು ಬಾ ಅಂದರು ಎಂಬುದಷ್ಟೇ ಮನೆಗೆ ಮುಟ್ಟುತ್ತದೆ.

ಹೀಗೆ ಐದು ನಿಮಿಷದ ಪ್ರೇರಣೆಯಲ್ಲಿ ಒಂದು ಮಗುವಿನ ಉಸಿರು, ಇನ್ನೊಂದು ಮಗುವಿನ ಹಾಜರಿ ಎರಡನ್ನೂ ನಾನು ಅಪಾಯಕ್ಕೆ ಒಡ್ಡಿದ್ದೆ. ವೇಷವನ್ನೇ ಪಾಠದಿಂದ ಕೈಬಿಡೋಣ ಎಂದುಕೊಂಡೆ. ಮಾರ್ಗದರ್ಶಿ ಶಿಕ್ಷಕರು ಬೇಡವೆಂದರು. "ಬಿಟ್ಟರೆ ಅವರು ಮನೆಯಲ್ಲಿ ಚೀಲ ಹಾಕಿಕೊಳ್ಳುತ್ತಾರೆ. ವೇಷವನ್ನೇ ಪಾಠ ಮಾಡು" ಎಂದರು. ಆಮೇಲೆ ಈ ವೇಷದ ಹವ್ಯಾಸ ಎಲ್ಲಿಂದ ಬಂತೆಂದು ಓದತೊಡಗಿದೆ. ಓದಿದ್ದರಲ್ಲಿ ತರಗತಿಗೆ ಬೇಕಾದ ಸರಕು ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು.

1939ರ ಜುಲೈನಲ್ಲಿ ನ್ಯೂಯಾರ್ಕ್ ನಗರದಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಮೊದಲ ವಿಶ್ವ ಸಮ್ಮೇಳನ ನಡೆಸಿದರು. ಅಲ್ಲಿಗೆ ಫಾರೆಸ್ಟ್ ಅಕರ್‌ಮನ್ ಎಂಬ ಯುವಕ ಮತ್ತು ಮರ್ಟಲ್ ಡಗ್ಲಸ್ ಎಂಬ ಯುವತಿ ಭವಿಷ್ಯದ ಕಾಲದವರಂತೆ ಉಡುಪು ತೊಟ್ಟು ಬಂದರು. ಎಚ್.ಜಿ. ವೆಲ್ಸ್‌ರ ಕಥೆಯನ್ನು ಆಧರಿಸಿದ 1936ರ ಒಂದು ಸಿನಿಮಾ ಮತ್ತು ಫ್ರಾಂಕ್ ಪಾಲ್ ಎಂಬ ಕಲಾವಿದ ಪತ್ರಿಕೆಗಳಿಗೆ ಬರೆದ ಚಿತ್ರಗಳು ಅವಕ್ಕೆ ಮಾದರಿ. ಬಹುಕಾಲ ಎಲ್ಲರ ಬಾಯಲ್ಲಿ ಇದ್ದದ್ದು ಅಕರ್‌ಮನ್ ಹೆಸರೇ. ಆದರೆ ಎರಡೂ ಉಡುಪುಗಳನ್ನು ಯೋಚಿಸಿ ಹೊಲಿದವಳು ಡಗ್ಲಸ್. ಮರುವರ್ಷ ಶಿಕಾಗೋದಲ್ಲಿ ನಡೆದ ಸಮ್ಮೇಳನದಲ್ಲಿ ವೇಷಧಾರಿಗಳದೇ ಒಂದು ಕಾರ್ಯಕ್ರಮವಿತ್ತು. ಅದು ಇಂದಿಗೂ ನಡೆದುಬಂದಿದೆ. 1980ರ ದಶಕದಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಇದಕ್ಕೆ ಕಾಸ್‌ಪ್ಲೇ ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮ ಬೆಂಗಳೂರಿನಲ್ಲಿ 2012ರಿಂದ ನಡೆಯುತ್ತಿರುವ ಕಾಮಿಕ್ ಕಾನ್‌ನಲ್ಲಿ ಜನ ಸಾಲುಗಟ್ಟಿ ನೋಡುವುದೂ ಈ ವೇಷಗಳನ್ನೇ. ಅಲ್ಲಿಯ ಕವಚ, ಶಿರಸ್ತ್ರಾಣಗಳಲ್ಲಿ ಬಹುಪಾಲು ಲೋಹದ್ದಲ್ಲ. ನೆಲಕ್ಕೆ ಹಾಸುವ ಮೆತ್ತನೆಯ ಫೋಮ್ ಹಾಳೆಯನ್ನು ಕತ್ತರಿಸಿ, ಬಿಸಿಮಾಡಿ ಬಗ್ಗಿಸಿ, ಬಣ್ಣ ಬಳಿದದ್ದು.

ಈ ಸಮ್ಮೇಳನಗಳಿಗೆ ಅವುಗಳದೇ ನಿಯಮಗಳಿವೆ. ಒಂದರ ಹಿಂದಿನ ಕಥೆಯನ್ನು ಮಕ್ಕಳಿಗೆ ಹೇಳಿದಾಗ ಅವರು ನಕ್ಕ ನಗು ಪಕ್ಕದ ತರಗತಿಗೂ ಕೇಳಿಸಿತು. 1972ರಲ್ಲಿ ಲಾಸ್ ಏಂಜಲೀಸ್ ಸಮ್ಮೇಳನಕ್ಕೆ ಸ್ಕಾಟ್ ಶಾ ಎಂಬ ಚಿತ್ರಕಾರ ಮೈಗೆಲ್ಲ ಶೇಂಗಾಬೆಣ್ಣೆ ಮೆತ್ತಿಕೊಂಡು ಬಂದ. ದೀಪಗಳ ಶಾಖಕ್ಕೆ ಅದು ಕೆಟ್ಟು ನಾರತೊಡಗಿತು, ಪಕ್ಕದವರ ಉಡುಪಿಗೂ ಮೆತ್ತಿತು. ಶೇಂಗಾಬೆಣ್ಣೆಯ ವೇಷ ಕೂಡದು ಎಂಬ ನಿಯಮ ಬಂದದ್ದು ಹಾಗೆ. ಶೇಂಗಾ ಬೆಳೆಯುವ ಊರಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಅವರೇ ಹೇಳಿದರು: "ಹಂಗಾರ ನಮ್ಮ ನಿಯಮ ಪ್ಲಾಸ್ಟಿಕ್ ಚೀಲ ಬ್ಯಾಡ ಅಂತ್ರೀ." ನಾನು ಹೇಳಿ ಬರೆಸುವುದಕ್ಕಿಂತ ಅದು ಎಷ್ಟೋ ಗಟ್ಟಿಯಾಗಿ ಕೂತಿತು. ಚೀಲ ಹಾಕಿಕೊಂಡಿದ್ದವನೇ ಹಲಗೆಯ ಮೇಲೆ ಬರೆದ.

ವೇಷ ಎಂಬುದು ಅವರಿಗೆ ಹೊರಗಿನದೇನೂ ಅಲ್ಲ. ಹಗಲುವೇಷದವರು ರಾಮ, ಹನುಮ, ರಾವಣರಾಗಿ ಹಗಲು ಹೊತ್ತಿನಲ್ಲೇ ಮನೆಮನೆಯ ಮುಂದೆ ನಿಲ್ಲುವುದನ್ನು ಕೆಲವರು ನೋಡಿದ್ದರು. ಮೊಹರಂನ ಹುಲಿವೇಷವಂತೂ ಎಲ್ಲರಿಗೂ ಗೊತ್ತು. ದೊಡ್ಡಾಟದ ಭುಜಕೀರ್ತಿಯ ಬಗ್ಗೆ ಒಬ್ಬ ಹುಡುಗ ನನಗೇ ಪಾಠ ಮಾಡಿದ. ಅವನ ಅಜ್ಜ ವೇಷ ಕಟ್ಟುತ್ತಿದ್ದರಂತೆ. ದೊಡ್ಡಾಟದ ವೇಷದಲ್ಲಿ ಕಿರೀಟ ಎತ್ತರವಿರುವುದು ದೂರದವರಿಗೂ ರಾಜನೆಂದು ತಿಳಿಯಲಿ ಎಂದು. ಅದು ಕಾಣಲಿಕ್ಕೆ ಮಾಡಿದ ವೇಷ. ಗಗನಯಾತ್ರಿಯ ಉಡುಪು ಬದುಕಲಿಕ್ಕೆ ಮಾಡಿದ್ದು. ಈ ವ್ಯತ್ಯಾಸದಿಂದಲೇ ಎರಡನೆಯ ಯೋಜನೆಯನ್ನು ಶುರುಮಾಡಿದೆ.

ಹೊಸ ಯೋಜನೆಯಲ್ಲಿ ಒಂದು ಗುಂಪಿಗೆ ಒಂದೇ ವೇಷ. ಅಂಗಡಿಯಿಂದ ಏನನ್ನೂ ಕೊಳ್ಳುವಂತಿಲ್ಲ, ಬಾಡಿಗೆಗೆ ತರುವಂತಿಲ್ಲ. ಮೂಗು ಬಾಯಿ ಮುಚ್ಚುವ ಯಾವುದೂ ಇರಕೂಡದು, ಹೆಲ್ಮೆಟ್‌ನ ಮುಂಭಾಗ ತೆರೆದಿರಬೇಕು. ಮೈಮೇಲೆ ಏನೇ ಕಟ್ಟಿದರೂ "ಇದು ಯಾಕ?" ಎಂಬ ಪ್ರಶ್ನೆಗೆ ಗುಂಪಿನ ಯಾರನ್ನು ಕೇಳಿದರೂ ಉತ್ತರ ಬರಬೇಕು. ಉತ್ತರ ಬರದಿದ್ದರೆ ಆ ಭಾಗವನ್ನು ಬಿಚ್ಚಿಡಬೇಕು. ಯಾರು ತೊಡಬೇಕೆಂಬುದು ಕೊನೆಯ ದಿನ ಚೀಟಿ ಎತ್ತಿ ತೀರ್ಮಾನ. ಈ ಕೊನೆಯ ನಿಯಮ ಬಹಳ ಮುಖ್ಯ. ತೊಡುವವರು ಮೊದಲೇ ಗೊತ್ತಾದರೆ ಉಳಿದವರು ಕೆಲಸ ಮಾಡುವುದಿಲ್ಲ.

ವೇಷ ಕಟ್ಟುವ ಮುನ್ನ ಪ್ರಯೋಗಗಳು. ಮೊದಲನೆಯದು ಉಸಿರಿನದು, ಪಠ್ಯದಲ್ಲೇ ಇದೆ. ನಾವು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ಆಕ್ಸಿಜನ್ 21%, ಕಾರ್ಬನ್ ಡೈಆಕ್ಸೈಡ್ 0.04%. ಹೊರಗೆ ಬಿಡುವ ಗಾಳಿಯಲ್ಲಿ ಆಕ್ಸಿಜನ್ 16.4%, ಕಾರ್ಬನ್ ಡೈಆಕ್ಸೈಡ್ 4.4%. ಸುಣ್ಣದ ತಿಳಿನೀರಿಗೆ ಊದುಕೊಳವೆಯಿಂದ ಊದಿದಾಗ ಅದು ಹಾಲಿನಂತಾಗುವುದನ್ನು ನೋಡಿದರು. ಈಗ ಚೀಲದ ಪ್ರಶ್ನೆಗೆ ಬಂದೆ: ಮುಚ್ಚಿದ ಚೀಲದಲ್ಲಿ ಎರಡನೆಯ, ಮೂರನೆಯ, ಹತ್ತನೆಯ ಉಸಿರಿನಲ್ಲಿ ಏನು ಒಳಗೆ ಹೋಗುತ್ತದೆ? ಯಾರೂ ನಗಲಿಲ್ಲ. ಆಕ್ಸಿಜನ್ ತುಂಬಿದರೆ ಸಾಕು ಎಂದು ಬಹಳ ಮಕ್ಕಳು ತಿಳಿದಿದ್ದರು. ಹೊರಬಿಟ್ಟ ಗಾಳಿಯನ್ನು ತೆಗೆದುಹಾಕಲೂಬೇಕು ಎಂಬುದು ಅವರಿಗೆ ಹೊಸದು. ಗಗನಯಾತ್ರಿಯ ಬೆನ್ನಿನ ಪೆಟ್ಟಿಗೆ ಎರಡೂ ಕೆಲಸ ಮಾಡುತ್ತದೆ. ಅಪೊಲೊ ಯಾನಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರಲು ಲಿಥಿಯಂ ಹೈಡ್ರಾಕ್ಸೈಡ್ ತುಂಬಿದ ಡಬ್ಬಿ ಇರುತ್ತಿತ್ತು.

ಇಲ್ಲಿ ಅಪೊಲೊ 13ರ ಕಥೆ ಹೇಳಿದೆ. 1970ರ ಏಪ್ರಿಲ್‌ನಲ್ಲಿ ಚಂದ್ರನ ದಾರಿಯಲ್ಲಿ ಆಕ್ಸಿಜನ್ ಟ್ಯಾಂಕ್ ಸಿಡಿಯಿತು. ಮೂವರೂ ಚಂದ್ರನಲ್ಲಿ ಇಳಿಯಲೆಂದಿದ್ದ ಸಣ್ಣ ನೌಕೆಯಲ್ಲಿ ಆಶ್ರಯ ಪಡೆದರು. ಅದು ಇಬ್ಬರಿಗಾಗಿ ಮಾಡಿದ ನೌಕೆ, ಕಾರ್ಬನ್ ಡೈಆಕ್ಸೈಡ್ ಏರತೊಡಗಿತು. ದೊಡ್ಡ ನೌಕೆಯಲ್ಲಿ ಡಬ್ಬಿಗಳಿದ್ದವು, ಆದರೆ ಅವು ಚೌಕಾಕಾರದವು, ಸಣ್ಣ ನೌಕೆಯ ತೂತು ದುಂಡಗಿನದು. ಭೂಮಿಯ ಮೇಲಿದ್ದ ಎಂಜಿನಿಯರುಗಳು ಹೇಳಿಕೊಟ್ಟಂತೆ ಅವರು ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಸೇರಿಸಿ ಚೌಕದ ಡಬ್ಬಿಯನ್ನು ಹೊಂದಿಸಿಕೊಂಡರು, ಮೂವರೂ ಬದುಕಿ ಮರಳಿದರು. ರಟ್ಟು, ಚೀಲ, ಅಂಟುಪಟ್ಟಿ. ಸೋಮವಾರದ ನಮ್ಮ ವೇಷಗಳಲ್ಲಿ ಇದ್ದ ಸಾಮಾನುಗಳೇ. ಚೀಲದ ಹುಡುಗ ತಲೆ ಎತ್ತಿ ಕೂತ.

ಎರಡನೆಯದು ಒತ್ತಡದ ಪ್ರಯೋಗ. ಒತ್ತಡದ ಘಟಕ ಎಂಟನೆಯ ತರಗತಿಯದು, ಹಾಗಾಗಿ ಸೂತ್ರಕ್ಕೆ ಹೋಗಲಿಲ್ಲ. ಸೂಜಿ ಇಲ್ಲದ ಸಿರಿಂಜಿಗೆ ಥರ್ಮಾಸಿನ ಬಿಸಿನೀರನ್ನು ಕಾಲು ಭಾಗ ಎಳೆದುಕೊಂಡು, ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಹಿಂದಕ್ಕೆ ಜಗ್ಗಿದೆ. (ಬಿಸಿನೀರಿನ ಕೆಲಸವನ್ನು ಶಿಕ್ಷಕರೇ ಮಾಡಬೇಕು.) ಒಲೆ ಇಲ್ಲ, ಬೆಂಕಿ ಇಲ್ಲ, ನೀರು ಕುದಿಯಿತು. ಗಾಳಿಯ ಒತ್ತಡ ಕಡಿಮೆಯಾದರೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ನೆಲದಿಂದ ಸುಮಾರು 19 ಕಿ.ಮೀ. ಮೇಲಕ್ಕೆ ಹೋದರೆ ನಮ್ಮ ಮೈಯ ಶಾಖಕ್ಕೇ, ಅಂದರೆ 37 ಡಿಗ್ರಿಗೇ, ನೀರು ಕುದಿಯಬಲ್ಲದು. 1966ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಗಾಳಿ ತೆಗೆದ ಕೋಣೆಯೊಳಗೆ ಉಡುಪು ಪರೀಕ್ಷಿಸುತ್ತಿದ್ದ ಜಿಮ್ ಲೆಬ್ಲಾಂಕ್ ಅವರ ಕೊಳವೆ ಕಳಚಿಕೊಂಡಿತು. ಸುಮಾರು 15 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿತು. ನಾಲಿಗೆಯ ಮೇಲಿನ ಜೊಲ್ಲು ಗುಳುಗುಳು ಎಂದದ್ದು ಅವರ ಕೊನೆಯ ನೆನಪು. ಕೂಡಲೇ ಗಾಳಿ ತುಂಬಿದ್ದರಿಂದ ಅವರು ಬದುಕಿದರು. ಅಂದಿನಿಂದ ವಾರವಿಡೀ ಮಕ್ಕಳು ಒಬ್ಬರಿಗೊಬ್ಬರು ನಾಲಿಗೆ ಚಾಚಿ "ಕುದ್ಯಾಕತ್ತೇತಿ" ಎನ್ನುತ್ತಿದ್ದರು.

ಹಾಗಾದರೆ ಉಡುಪಿನೊಳಗೆ ಗಾಳಿ ತುಂಬಿದರಾಯಿತಲ್ಲ? ಈ ಪ್ರಶ್ನೆಗೆ ಪಂಕ್ಚರ್ ಅಂಗಡಿಯಿಂದ ತಂದ ಹಳೆಯ ಸೈಕಲ್ ಟ್ಯೂಬ್ ಉತ್ತರ ಕೊಟ್ಟಿತು. ಗಾಳಿ ಇಲ್ಲದಾಗ ಅದನ್ನು ಹೇಗೆ ಬೇಕಾದರೂ ಮಡಚಬಹುದು. ಗಾಳಿ ತುಂಬಿದ ಮೇಲೆ ಮಡಚಿ ನೋಡಿ ಎಂದೆ. ಆಮೇಲೆ ಒಂದು ರಬ್ಬರ್ ಕೈಗವಸನ್ನು ಊದಿ ಕಟ್ಟಿ ಕೊಟ್ಟೆ. ಅದರ ಬೆರಳು ಮಡಚಿ ಸೀಮೆಸುಣ್ಣ ಹಿಡಿಸಲು ಯಾರಿಂದಲೂ ಆಗಲಿಲ್ಲ. 1965ರ ಮಾರ್ಚ್ 18ರಂದು ಮೊದಲ ಬಾರಿಗೆ ನೌಕೆಯಿಂದ ಹೊರಬಂದ ಸೋವಿಯತ್ ಗಗನಯಾತ್ರಿ ಅಲೆಕ್ಸೇ ಲಿಯೊನೊವ್‌ಗೆ ಆದದ್ದು ಇದೇ. ಹೊರಗಿದ್ದದ್ದು 12 ನಿಮಿಷ. ಉಡುಪು ಉಬ್ಬಿ ಬಿಗಿಯಾಯಿತು, ಬೆರಳುಗಳು ಕೈಗವಸಿನ ತುದಿಗೆ ಮುಟ್ಟಲಿಲ್ಲ, ನೌಕೆಯ ಬಾಗಿಲೊಳಗೆ ಹಿಂತಿರುಗಲು ಆಗಲಿಲ್ಲ. ಕೊನೆಗೆ ಪ್ರಾಣ ಪಣಕ್ಕಿಟ್ಟು ಉಡುಪಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಹೊರಬಿಟ್ಟು ಒಳಗೆ ನುಗ್ಗಿದರು. ಅದಕ್ಕೇ ಇಂದಿನ ಉಡುಪುಗಳಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರನೆಯ ಒಂದು ಭಾಗದಷ್ಟೇ ಇರುತ್ತದೆ, ಅದೂ ಬರೀ ಆಕ್ಸಿಜನ್. ಮೊಣಕೈ, ಮೊಣಕಾಲಿನ ಬಳಿ ಬಗ್ಗಲು ನೆರಿಗೆ ಅಥವಾ ಬಳೆಗಳಿರುತ್ತವೆ.

ಬಣ್ಣದ ಪ್ರಯೋಗ ಸುಲಭ. ಒಂದೇ ಅಳತೆಯ ಎರಡು ಸ್ಟೀಲ್ ಲೋಟದಲ್ಲಿ ಸಮನಾಗಿ ನೀರು ಹಾಕಿ, ಒಂದಕ್ಕೆ ಕಪ್ಪು ಬಟ್ಟೆ, ಒಂದಕ್ಕೆ ಬಿಳಿ ಬಟ್ಟೆ ಸುತ್ತಿ ಅಂಗಳದಲ್ಲಿಟ್ಟೆವು. ಅಬ್ಬಿಗೇರಿಯ ಬಿಸಿಲಿಗೆ ಪ್ರಯೋಗ ಸೋಲುವ ಭಯವೇ ಇಲ್ಲ. ಎರೆಭೂಮಿ ಬೇಸಿಗೆಯಲ್ಲಿ ಕಾಲು ಸುಡುವುದನ್ನು ಅವರೇ ನೆನಪಿಸಿದರು. ಭೂಮಿಯ ಸುತ್ತ ಬಾಹ್ಯಾಕಾಶದಲ್ಲಿ ಬಿಸಿಲಿಗೆ ಬಿದ್ದ ವಸ್ತು ಸುಮಾರು 120 ಡಿಗ್ರಿಗೆ ಏರಬಹುದು, ನೆರಳಿನಲ್ಲಿ ಸೊನ್ನೆಗಿಂತ 150 ಡಿಗ್ರಿ ಕೆಳಗೆ ಇಳಿಯಬಹುದು. ಒಳಗೆ ಮೈಯ ಶಾಖ ಹೊರಹೋಗಲು ದಾರಿಯಿಲ್ಲ. ಅಮೆರಿಕದ ಉಡುಪಿನಲ್ಲಿ ಒಳಅಂಗಿಗೆ ಸುಮಾರು 91 ಮೀಟರ್ ಸಣ್ಣ ಕೊಳವೆ ಹೊಲಿದು ತಣ್ಣೀರು ಹರಿಸುತ್ತಾರೆ. "ಹೊಲಕ್ಕ ಡ್ರಿಪ್ ಹಾಕಿದಂಗ" ಎಂದಳು ಒಬ್ಬಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮೊದಲ ದಿನ ಬಾರದಿದ್ದ ಹುಡುಗಿ ಮಂಗಳವಾರದಿಂದ ಬರುತ್ತಿದ್ದಳು. ಮಾತು ಕಡಿಮೆ. ಅಪೊಲೊ ಉಡುಪುಗಳನ್ನು ಹೊಲಿದವರು ಯಾರೆಂದು ಹೇಳಿದ ದಿನ ಅವಳ ಪೆನ್ಸಿಲ್ ನಿಂತಿತು. 1969ರಲ್ಲಿ ಚಂದ್ರನ ಮೇಲೆ ನಡೆದ ನೀಲ್ ಆರ್ಮ್‌ಸ್ಟ್ರಾಂಗ್‌ರ ಉಡುಪನ್ನು ತಯಾರಿಸಿದ್ದು ಹೆಂಗಸರ ಒಳಉಡುಪು ತಯಾರಿಸುತ್ತಿದ್ದ ಪ್ಲೇಟೆಕ್ಸ್ ಕಂಪನಿಯ ಒಂದು ವಿಭಾಗ. 21 ಪದರಗಳ ಆ ಬಟ್ಟೆಯನ್ನು ಮಷೀನಿನ ಮುಂದೆ ಕೂತು ಹೊಲಿದವರು ಅಲ್ಲಿಯ ದರ್ಜಿ ಹೆಂಗಸರು. ಒಂದು ಗುಂಡುಸೂಜಿ ಒಳಗೆ ಉಳಿದರೂ ಪ್ರಾಣಕ್ಕೆ ಕುತ್ತು, ಹಾಗಾಗಿ ಉಡುಪುಗಳನ್ನು ಎಕ್ಸ್-ರೇ ಮಾಡಿ ನೋಡುತ್ತಿದ್ದರು. ಮರುದಿನ ಅವಳ ಗುಂಪಿನ ವೇಷಕ್ಕೆ ಮೊಣಕೈ ಬಂತು. ಹಳೆಯ ಪಂಚೆಯ ತುಂಡನ್ನು ಸಣ್ಣ ನೆರಿಗೆ ಹಿಡಿದು ಹೊಲಿದದ್ದು. ತೋಳು ಸರಾಗವಾಗಿ ಬಗ್ಗುತ್ತಿತ್ತು. ಅಡಿಕೆ ಹಾಳೆ, ರಟ್ಟು, ಹಗ್ಗದ ವೇಷಗಳ ನಡುವೆ ಅದೊಂದು ಬೇರೆಯೇ ಕಾಣುತ್ತಿತ್ತು. "ಅವ್ವ ಹೇಳಿಕೊಟ್ಲು, ಹೊಲದದ್ದು ನಾನ" ಎಂದಳು. ಗುಂಡುಸೂಜಿ ಉಳಿದಿದೆಯೇ ಎಂದು ಗುಂಪಿನವರು ಇಡೀ ತೋಳನ್ನು ಬೆರಳಿನಿಂದ ತಡವಿ ನೋಡಿದರು, ಎಕ್ಸ್-ರೇ ಎಂದು ಹೆಸರಿಟ್ಟು.

ಮೌಲ್ಯಮಾಪನಕ್ಕೆ ವೇಷದ ಅಂದಕ್ಕೆ ಅಂಕ ಇಟ್ಟಿರಲಿಲ್ಲ. ಪ್ರತಿ ಗುಂಪಿನಲ್ಲಿ ಯಾರನ್ನಾದರೂ ಎಬ್ಬಿಸಿ ಯಾವುದಾದರೂ ಭಾಗ ಮುಟ್ಟಿ "ಇದು ಯಾಕ?" ಎಂದು ಕೇಳಿದೆ. ಐದು ಗುಂಪುಗಳಲ್ಲಿ ಎರಡು, ತಲೆಯ ಮೇಲಿನ ಆಂಟೆನಾವನ್ನು ಬಿಚ್ಚಿಡಬೇಕಾಯಿತು. ಒಂದು ಗುಂಪು ಬಿಚ್ಚಲು ಒಪ್ಪದೆ ರಾತ್ರಿ ಕೂತು ಉತ್ತರ ಹುಡುಕಿಕೊಂಡು ಬಂತು: ಗಾಳಿ ಇಲ್ಲದ ಕಡೆ ಸದ್ದು ಹರಿಯುವುದಿಲ್ಲ, ಪಕ್ಕದಲ್ಲಿದ್ದರೂ ರೇಡಿಯೋದಲ್ಲೇ ಮಾತಾಡಬೇಕು. ಆಂಟೆನಾ ಉಳಿಯಿತು.

ತಪ್ಪು ಕಲ್ಪನೆಯೊಂದು ನನ್ನ ಕೈಮೀರಿ ಉಳಿದಿದೆ. ಬರವಣಿಗೆಯ ಪರೀಕ್ಷೆಯಲ್ಲಿ ಒಂಬತ್ತು ಮಕ್ಕಳು "ಚಂದ್ರನ ಮೇಲೆ ಗಾಳಿ ಇಲ್ಲ, ಆದ್ದರಿಂದ ತೂಕ ಇಲ್ಲ" ಎಂದು ಬರೆದಿದ್ದರು. ಗಾಳಿಗೂ ತೂಕಕ್ಕೂ ಗಂಟು ಹಾಕಿದವಳು ಬಹುಶಃ ನಾನೇ. ಚಂದ್ರನಲ್ಲಿ ತೂಕ ಆರನೆಯ ಒಂದು ಭಾಗವಾಗುತ್ತದೆ ಎಂಬುದನ್ನು ಒತ್ತಡದ ಪ್ರಯೋಗ ಮುಗಿಸಿದ ಉಸಿರಿನಲ್ಲೇ ಹೇಳಿಬಿಟ್ಟಿದ್ದೆ. ಮುಂದಿನ ತಂಡದವರು ಇವೆರಡನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಸಮಯದ ವಿಷಯದಲ್ಲಿಯೂ ಮಾರ್ಗದರ್ಶಿ ಶಿಕ್ಷಕರ ಆಕ್ಷೇಪ ಸರಿಯಾಗಿಯೇ ಇದೆ: ಮೂರು ಅವಧಿ ಒಂದೇ ಉಪಘಟಕಕ್ಕೆ ಹೋದವು, ಸಸ್ಯಗಳ ಉಸಿರಾಟವನ್ನು ಅವಸರದಲ್ಲಿ ಮುಗಿಸಿದೆ.

ಛದ್ಮವೇಷ ಸ್ಪರ್ಧೆಗೆ ಮಕ್ಕಳು ನೆರಿಗೆ ತೋಳಿನ ಗಗನಯಾತ್ರಿಯನ್ನೇ ಆರಿಸಿ ಕಳುಹಿಸಿದರು. ಚೀಟಿಯಲ್ಲಿ ಹೆಸರು ಬಂದದ್ದು ಚೀಲದ ಹುಡುಗನಿಗೆ. ಬಹುಮಾನ ಬಾಡಿಗೆಯ ಉಡುಪಿನ ಇನ್ನೊಂದು ವೇಷಕ್ಕೆ ಹೋಯಿತು. ನಮ್ಮವನು ವೇದಿಕೆಯ ಮೇಲೆ ಮಾತು ಮುಗಿಸಲಿಲ್ಲ. ಬೆನ್ನಿನ ಪೆಟ್ಟಿಗೆ ಯಾಕೆಂದು ವಿವರಿಸುವುದರಲ್ಲೇ ಗಂಟೆ ಬಾರಿಸಿದರು. ಮರಳುವಾಗ ಟಂಟಂನಲ್ಲಿ ಹುಡುಗಿ ಅವನಿಗೆ ಹೇಳುತ್ತಿದ್ದಳು, ತೋಳು ಎತ್ತಿ ಬಗ್ಗಿಸಿ ತೋರಿಸಬೇಕಿತ್ತು, ಅದನ್ನೇ ಮರೆತೆ ಎಂದು.

ಸಿರಿಂಜು, ಟ್ಯೂಬ್ ಮತ್ತು ಎರಡು ಲೋಟ ಶಾಲೆಯ ವಿಜ್ಞಾನ ಕಪಾಟಿನ ಕೆಳಗಿನ ಅಂಕಣದಲ್ಲಿವೆ. ಕೈಗವಸು ತೂತಾಗಿದೆ, ಹೋಗುವವರು ಹೊಸದೊಂದನ್ನು ಒಯ್ಯಬೇಕು.